ಪಟ್ಟಿ ಕಂಪನಿದೇನಾ ಸರ್?

ಕಾರವಾರದ ಒಂದು ಪೆಟ್ರೋಲ್ ಬಂಕಲ್ಲಿ ಪೈಪ್ ಹಿಡ್ಕೊಂಡು ನಿಂತಿದ್ದ ಹುಡುಗ ನನ್ನ ಮಾರುತಿ 800ನ ಹಿಂದಿನಿಂದ ಮುಂದಿನವರೆಗೆ ನೋಡಿ, "ಸರ್, ಈ ಬೂದಿ ಕಲರ್ ಪಟ್ಟಿ ಕಂಪನಿದೇನಾ, ಆಮೇಲೆ ಹಾಕ್ಸಿದ್ದಾ?" ಅಂದ. ಅವನದ್ದೇನೂ ತಪ್ಪಿಲ್ಲ ಬಿಡಿ, ಅವನು ಹುಟ್ಟೋ ಹೊತ್ತಿಗೆ ಕಪ್ಪಗಿದ್ದ ಬಾಗಿಲ ರಬ್ಬರ್ ಪಟ್ಟಿ, ಗಾಜಿನ ಸುತ್ತ ಇರೋ ರಬ್ಬರ್ ಬೀಡಿಂಗು ಎಲ್ಲ ಆಗ್ಲೇ ಬೂದಿ ಆಗಿದ್ವು. ಆದ್ರೂ ಆ "ಹಾಕ್ಸಿದ್ದಾ" ಅನ್ನೋದು ಮನೆ ತನಕ ತಲೇಲೇ ಇತ್ತು. ದುಡ್ಡು ಕೊಟ್ಟು ಯಾರಾದ್ರೂ ಈ ಬಣ್ಣ ಹಾಕ್ಸ್ತಾರಾ ಮಾರಾಯ್ರೇ?

ಮನೇಲಿ ಹೇಳಿದ್ರೆ ಎಲ್ರದ್ದೂ ಒಂದೇ ಉತ್ತರ, ಉಪ್ಪುಗಾಳಿ. ನಮ್ಮೂರಲ್ಲಿ ಫ್ಯಾನ್ ತಿರುಗದಿದ್ರೂ ಉಪ್ಪುಗಾಳಿ, ಗೇಟು ಕಿರುಗುಟ್ಟಿದ್ರೂ ಉಪ್ಪುಗಾಳಿ, ಮೊಣಕಾಲು ನೋವಿಗೂ ಉಪ್ಪುಗಾಳಿ, ಪಕ್ಕದ ಮನೆಯವರು ಮಾತು ಬಿಟ್ರೆ ಅದಕ್ಕೂ ಇನ್ನೇನು ಅದೇ ಕಾರಣ ಕೊಡೋದು ಬಾಕಿ. ಉಪ್ಪು ತಿನ್ನೋದು ಕಬ್ಬಿಣನ, ರಬ್ಬರನ್ನಲ್ಲ. ರಬ್ಬರನ್ನ ತಿನ್ನೋದು ಬಿಸಿಲು, ಗಾಳಿಯಲ್ಲಿರೋ ಆಮ್ಲಜನಕ, ಓಝೋನು. ಇನ್ನೂ ಒಂದು ವಿಷ್ಯ ಇದೆ, ಪಟ್ಟಿಯ ಕಪ್ಪು ಎಲ್ಲೂ ಹೋಗಿರೋದಿಲ್ಲ. ಅದು ಕಾರ್ಬನ್ ಬ್ಲ್ಯಾಕ್, ಅಂದ್ರೆ ಮಸಿ, ಅಜ್ಜಿ ಹಲ್ಲುಜ್ಜೋ ಉಮಿಕರಿಯ ದೊಡ್ಡಪ್ಪನ ಮಗ ಅಂತ ಇಟ್ಕೊಳ್ಳಿ. ಶುರುವಿನ ಕಾಲದ ಟೈರುಗಳು ಬೆಳ್ಳಗೇ ಇದ್ವು, ಈ ಮಸಿ ಬೆರೆಸಿದ ಮೇಲೆ ಗಟ್ಟಿ ಆದ್ವು, ಕಪ್ಪೂ ಆದ್ವು, ಬಿಸಿಲನ್ನ ತಾನೇ ಹೀರ್ಕೊಂಡು ಒಳಗಿನ ರಬ್ಬರನ್ನ ಕಾಯೋದೂ ಇದೇ ಮಸಿ. ಮೇಲಿನ ತೆಳು ಪದರ ಮಾತ್ರ ಸುಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಟ್ಟು, ಬೆಳಕು ಅಲ್ಲಿ ಚೆದುರಿ ನಮಗೆ ಬೂದಿ ಕಾಣ್ತದೆ. ಕಪ್ಪು ಅಲ್ಲೇ ಕೆಳಗೆ ಕೂತಿದೆ. ಇದನ್ನ ಮನೇಲಿ ವಿವರಿಸಿದೆ. "ಹೌದೌದು, ಉಪ್ಪುಗಾಳಿ" ಅಂದ್ರು.

ನಂಬದೇ ಇದ್ರೆ ಜೂನ್‌ನಲ್ಲಿ ಬಂದು ನೋಡಿ. ಮಳೆ ಹಿಡೀತು ಅಂದ್ರೆ ನನ್ನ ಕಾರು ಶೋರೂಮಿಂದ ಬಂದ ಹಾಗೆ ಇರ್ತದೆ, ಬಿರುಕಲ್ಲೆಲ್ಲ ನೀರು ತುಂಬಿ ಪಟ್ಟಿ ಕಪ್ಪೋ ಕಪ್ಪು. ನಮ್ಮಲ್ಲಿ ಮಳೆಗೇನು ಬರಗಾಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ರ ಸುರೀತದೆ, ಹಾಗಾಗಿ ನಾಲ್ಕು ತಿಂಗಳು ನನಗೆ ಯಾವ ತಕರಾರೂ ಇಲ್ಲ. ಆದ್ರೆ ಆಗ ನೋಡೋರು ಯಾರು, ಎಲ್ರೂ ಕೊಡೆ ಕೆಳಗೆ ತಲೆ ತಗ್ಗಿಸ್ಕೊಂಡು ಹೋಗ್ತಿರ್ತಾರೆ.

ವಾಟರ್ ಸರ್ವಿಸ್‌ನವ್ರ ಹತ್ರ ಇದಕ್ಕೊಂದು ಮದ್ದಿದೆ, ಕ್ಯಾನಲ್ಲಿರೋ ಬಿಳಿ ಹಾಲಿನಂಥದ್ದು, ಸಾಮಾನ್ಯವಾಗಿ ನೀರಲ್ಲಿ ಕಲಸಿದ ಸಿಲಿಕೋನ್ ಎಣ್ಣೆ. ಕೇಳದೇನೇ ಹೊಡೀತಾರೆ. ಟೈರು, ಬಂಪರು, ಬೀಡಿಂಗು, ಡ್ಯಾಶ್‌ಬೋರ್ಡು, ತಡೀದಿದ್ರೆ ಸ್ಟೀರಿಂಗಿಗೂ. ಎರಡು ಮಳೆ ಬಂದ್ರೆ ತೊಳ್ಕೊಂಡು ಹೋಗ್ತದೆ, ಅದಿರ್ಲಿ, ನನ್ನ ಸಿಟ್ಟು ಅದಕ್ಕಲ್ಲ. ಹೊಳಪಿಗೆ. ಹೊಸ ಕಾರಿನ ರಬ್ಬರು ಯಾವತ್ತಾದ್ರೂ ಹೊಳೀತಿತ್ತಾ? ಕಂಪನಿಯಿಂದ ಬರುವಾಗ ಅದು ಮಂಕು ಕಪ್ಪು, ತನ್ನ ಪಾಡಿಗೆ ತಾನು ಗಾಜು ಹಿಡ್ಕೊಂಡು ಕೂತಿರ್ತಿತ್ತು, ಯಾರೂ ಅದರ ಕಡೆ ನೋಡ್ತಿರ್ಲಿಲ್ಲ. ಈಗ ಎಲ್ಲವೂ ಹೊಳೀಬೇಕು. ಟೈಲ್ಸ್ ಹೊಳೀಬೇಕು, ಕೂದಲು ಹೊಳೀಬೇಕು, ಮದುವೆ ಫೋಟೋದಲ್ಲಿ ಮದುಮಗನ ಕೆನ್ನೆ ಸಹ ಹೊಳೀಬೇಕು. ನನಗೆ ಬೇಕಾಗಿರೋದು ಆ ಮಂಕು ಕಪ್ಪು, ಅದನ್ನ ಮಾರೋರು ಯಾರೂ ಸಿಗ್ತಾ ಇಲ್ಲ.

ಹಾಗಾದ್ರೆ ಎಂತ ಹಚ್ಚಬೇಕು ಅಂತ ಕೇಳ್ತೀರಿ. ಹೇಳ್ತೇನೆ. ಅದಕ್ಕಿಂತ ಮುಂಚೆ ಎಂತ ಹಚ್ಚಬಾರದು ಅಂತ ಹೇಳ್ಬೇಕು, ಅದಕ್ಕೆ ಸದಾಶಿವಗಡದ ನಮ್ಮ ಭಾವನ ಕತೆ ಬೇಕು.

ಭಾವನಿಗೆ ತೆಂಗಿನೆಣ್ಣೆ ಮೇಲೆ ಇರೋ ನಂಬಿಕೆ ದೇವರ ಮೇಲೂ ಇಲ್ಲ. ಬಾಗಿಲ ಬಿಜಾಗರಿಗೆ, ಸೈಕಲ್ ಚೈನಿಗೆ, ಸುಟ್ಟ ಗಾಯಕ್ಕೆ, ರೇಡಿಯೋ ಗುಂಡಿಗೆ, ಎಲ್ಲಕ್ಕೂ ಅದೇ. ಆ ವರ್ಷ ಶಿರಸಿ ಮಾರಿಕಾಂಬೆ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರೋದು, ತಪ್ಪಿಸೋ ಹಾಗಿಲ್ಲ, ನೆಂಟರೆಲ್ಲ ಸೇರಿ ಭಾವನ ಓಮ್ನಿಯಲ್ಲಿ ಹೊರಡೋದು ಅಂತಾಯ್ತು. ಹಿಂದಿನ ದಿನ ಸಂಜೆ ಭಾವ ಒಂದು ಗಿಂಡಿ ಎಣ್ಣೆ, ಒಂದು ಹಳೇ ಬನಿಯನ್ ಹಿಡ್ಕೊಂಡು ಕೂತು ಎರಡೂ ಬಂಪರು, ಬಾಗಿಲ ರಬ್ಬರು, ಗಾಜಿನ ಬೀಡಿಂಗು ಯಾವುದನ್ನೂ ಬಿಡದೆ ತಿಕ್ಕಿದ, ತಿಕ್ಕಿದ ಅಂದ್ರೆ ದೀಪಾವಳಿ ಅಭ್ಯಂಜನಕ್ಕೂ ಯಾರೂ ಹಾಗೆ ತಿಕ್ಕೋದಿಲ್ಲ. ಸುಳ್ಳು ಯಾಕೆ ಹೇಳ್ಲಿ, ಬೆಳಿಗ್ಗೆ ಹೊರಡುವಾಗ ಗಾಡಿ ಚಂದ ಕಾಣ್ತಿತ್ತು.

ಅಂಕೋಲೆ ದಾಟೋ ಹೊತ್ತಿಗೆ ಬಿಸಿಲು ಏರಿ ಗಾಡಿ ತುಂಬ ಹಪ್ಪಳ ಕರಿಯೋ ವಾಸನೆ. ಅಕ್ಕ ಕಿಟಕಿ ಗಾಜು ಇಳಿಸಿದ್ಳು, ಆಮೇಲೆ ಧೂಳು ಅಂತ ಏರಿಸಿದ್ಳು, ಗಾಜು ಎಣ್ಣೆ ಬೀಡಿಂಗಿನ ಸಂದಿಯಿಂದ ಮೇಲೆ ಬರೋವಾಗ ಪೂರ್ತಿ ಎಣ್ಣೆ ಬಳ್ಕೊಂಡೇ ಬಂತು, ಆ ಕಡೆ ಕನ್ನಡಿಯಲ್ಲಿ ಹಿಂದೆ ಬರ್ತಿರೋದು ಲಾರಿಯೋ ಬಸ್ಸೋ ಗೊತ್ತಾಗದ ಹಾಗಾಯ್ತು. ಭಾವ ಕರ್ಚೀಫಲ್ಲಿ ಒರೆಸಿದ, ಇನ್ನೂ ಹರಡಿತು. ದೀವಗಿ ಹತ್ರ ತಿರುಗಿ ದೇವಿಮನೆ ಘಾಟ್ ಹತ್ತೋಕೆ ಶುರು ಮಾಡಿದ್ವು, ಆಗ ರಸ್ತೆ ಕೆಲಸ ನಡೀತಿತ್ತು, ನಮ್ಮ ಕಡೆ ರಸ್ತೆ ಕೆಲಸ ಯಾವಾಗ ನಡೆಯೋದಿಲ್ಲ ಅಂತ ಕೇಳಿ ಬೇಕಾದ್ರೆ, ಕೆಂಪು ಮಣ್ಣಿನ ಧೂಳು ಎಲ್ಲಾ ಗಾಡಿಗಳ ಮೇಲೆ ಬಿದ್ದು ಹಾರಿ ಹೋಗ್ತಿದ್ರೆ ನಮ್ಮದರ ಮೇಲೆ ಬಿದ್ದು ಕಚ್ಚಿ ಕೂತ್ಕೊಳ್ತಿತ್ತು. ಶಿರಸಿ ಮುಟ್ಟುವಾಗ ಬಂಪರು ಹೆಂಚಿನ ಬಣ್ಣ.

ಜಾತ್ರೆ ನಡೆಯೋ ಬಿಡ್ಕಿ ಬೈಲಲ್ಲಿ ಜನವೋ ಜನ, ಗಾಡಿನ ಎಲ್ಲೋ ದೂರ ಒಂದು ಬಯಲಲ್ಲಿ ನಿಲ್ಲಿಸಿ, ದೇವಿ ದರ್ಶನ ಮಾಡಿ, ಬಳೆ ಅಂಗಡಿ, ತೊಟ್ಟಿಲು, ಮಿರ್ಚಿ ಎಲ್ಲ ಮುಗಿಸಿ ವಾಪಸ್ ಬಂದ್ರೆ ಒಂದು ಹಸು ಓಮ್ನಿಯ ಮುಂದಿನ ಬಂಪರನ್ನ ಬಹಳ ಶ್ರದ್ಧೆಯಿಂದ ನೆಕ್ಕತಾ ನಿಂತಿದೆ. ಕಾರವಾರದ ಉಪ್ಪು, ಸದಾಶಿವಗಡದ ಎಣ್ಣೆ, ಅದಕ್ಕೆ ಇನ್ನೇನು ಬೇಕು. ಓಡಿಸೋಕೆ ಹೋದ್ರೆ ಭಾವ ಕೈ ಅಡ್ಡ ಹಿಡಿದು "ನೋಡು, ನೋಡು" ಅಂದ. ಹಸು ನೆಕ್ಕಿದ ಅಷ್ಟು ಜಾಗ ಕಾಡಿಗೆ ಹಚ್ಚಿದ ಹಾಗೆ ಕಪ್ಪಗೆ, ಅದೂ ಹೊಳಪಿಲ್ಲದ ಕಪ್ಪು! ನಾನು ಊರೆಲ್ಲ ಹುಡುಕ್ತಿರೋ ಆ ಮಂಕು ಕಪ್ಪು! ಉಳಿದ ಭಾಗಕ್ಕೂ ಆಗ್ಲಿ ಅಂತ ಭಾವ ಹಸುವಿನ ಎದುರಿಗೆ ಬಾಳೆಹಣ್ಣು ಹಿಡಿದು ಎಡಗಡೆಗೆ ಕರೀತಾ ಇದ್ದ. ಅದು ಬಾಳೆಹಣ್ಣು ತಿಂದು ಹೋಯ್ತು.

ಇಲ್ಲಿ ಜ್ಞಾನದ ಮಾತು ಒಂದಿಷ್ಟೇ, ಗಾಜಿನ ರಬ್ಬರು ಎಣ್ಣೆ ಕುಡಿದ್ರೆ ಉಬ್ಬಿ ಮೆತ್ತಗಾಗ್ತದೆ. ಈಗಿನ ಕಾರುಗಳ ಬೀಡಿಂಗು ಬಹಳಷ್ಟು ಇಪಿಡಿಎಂ ಅನ್ನೋ ಜಾತಿ, ಓಝೋನಿಗೆ ಜಗ್ಗೋದಿಲ್ಲ, ಪೆಟ್ರೋಲು ಸೀಮೆಎಣ್ಣೆಗೆ ಮಾತ್ರ ಕೂಡಲೇ ಸೋಲ್ತದೆ, ಗ್ಯಾರೇಜಲ್ಲಿ ಒರೆಸೋದು ಅದರಲ್ಲೇ. ಬಿಸಿಗಾಳಿ ಊದೋ ಹೀಟ್ ಗನ್ ಹಿಡಿಯೋರೂ ಇದ್ದಾರೆ, ಪ್ಲಾಸ್ಟಿಕ್ ಬಂಪರ್ ಮೇಲ್ಪದರ ಕರಗಿ ಮತ್ತೆ ಕಪ್ಪಾಗ್ತದೆ ನಿಜ, ಆದ್ರೆ ಅದನ್ನೇ ರಬ್ಬರಿಗೆ ಹಿಡಿದ್ರೆ ಮುಗೀತು. ಶೂ ಪಾಲಿಶ್ ಹಚ್ಚೋರಿಗೆ ನಾನು ಏನೂ ಹೇಳೋದಿಲ್ಲ, ಬಾಗಿಲಿಗೆ ಒರಗಿದ ಬಿಳಿ ಅಂಗಿಯವರೇ ಹೇಳ್ತಾರೆ. ನಿಜಕ್ಕೂ ಹೆದರ್ಬೇಕಾದ್ದು ಬಣ್ಣಕ್ಕಲ್ಲ, ಮುಂದಿನ ಗಾಜಿನ ರಬ್ಬರು ಕುಗ್ಗಿ ಮೂಲೇಲಿ ಸಂದಿ ಬಿಟ್ರೆ ಅದಕ್ಕೆ. ಮಳೆನೀರು ಅಲ್ಲಿ ನಿಂತು ಒಳಗಿನ ತಗಡು ತುಕ್ಕು ಹಿಡೀತದೆ, ಆಗ ಬೇಕಾದ್ರೆ ಉಪ್ಪುಗಾಳಿ ಅಂತ ಹೇಳಿ, ಒಪ್ತೇನೆ.

ಎಂತ ಹಚ್ಚಬೇಕು ಅನ್ನೋದಕ್ಕೆ ಬರ್ತಿದ್ದೆ, ಅಷ್ಟರಲ್ಲಿ ಭಾವನದ್ದೇ ಫೋನು. ಓಮ್ನಿ ಮಾರಿ ಆಯ್ತಂತೆ, ತಗೊಂಡವನು ಮೀನು ಸಾಗಿಸೋಕೆ ಇಟ್ಕೊಂಡಿದ್ದಾನೆ, ವಾಸನೆ ಅವನಿಗೇನೂ ತೊಂದ್ರೆ ಇಲ್ವಂತೆ. ಮುಂದಿನ ಜಾತ್ರೆಗೆ ನಿನ್ನ 800ರಲ್ಲೇ ಹೋಗೋಣ, ಪೆಟ್ರೋಲು ನಿಂದು, ಎಣ್ಣೆ ನಂದು ಅಂದ. ನಾನು ಜೋರಾಗಿ ಬೇಡ ಅಂದೆ. "ತೆಂಗಿನೆಣ್ಣೆ ಅಲ್ಲ ಮಾರಾಯ, ಈ ಸಲ ಹರಳೆಣ್ಣೆ" ಅಂತಾನೆ.