ಹಳೆಯ ದುಬಾರಿ ಸ್ಪೀಕರ್ ಕೊಳ್ಳಲೇ ಎಂದು ಕೇಳುವವರಿಗೆ

ಸಂಗೀತದ ಹುಚ್ಚಿರುವ ಗೆಳೆಯರೊಬ್ಬರು ಬೆಂಗಳೂರಿನಲ್ಲಿ ಯಮಾಹಾ ಎನ್‌ಎಸ್-1000ಎಂ ಸ್ಪೀಕರ್ ಜೋಡಿ ಮಾರಾಟಕ್ಕಿದೆ, ತೆಗೆದುಕೊಳ್ಳಲೇ ಎಂದು ಕೇಳಿದ್ದಾರೆ. ಮಾರುವವರು ಹೇಳುವ ಮಾತು ನಿಮಗೂ ಗೊತ್ತು: ಒಬ್ಬರೇ ಮಾಲೀಕರು, ಯಾವತ್ತೂ ಸಣ್ಣ ದನಿಯಲ್ಲೇ ಕೇಳಿದ್ದು. ಈ ದೇಶದಲ್ಲಿ ಹಳೆಯ ಸ್ಪೀಕರನ್ನು ಜೋರಾಗಿ ಹಾಕಿದವರು ಇನ್ನೂ ಹುಟ್ಟಿಲ್ಲ!

ಹೊಸದಿದ್ದಾಗ ಅದಕ್ಕೆಷ್ಟು ಬೆಲೆಯಿತ್ತು, ಈಗೆಷ್ಟು ಅಗ್ಗಕ್ಕೆ ಸಿಗುತ್ತಿದೆ ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ಅದರೊಳಗೆ ಏನು ಕೆಡಬಹುದು, ಕೆಟ್ಟರೆ ಬದಲಿ ಸಿಗುತ್ತದೆಯೇ ಎಂಬುದಷ್ಟೇ ನನಗೆ ಮುಖ್ಯ.

1974ರಲ್ಲಿ ಬಂದ ಈ ಯಮಾಹಾದ ಪ್ರಾಣವಿರುವುದು ಬೆರಿಲಿಯಂ ಲೋಹದ ಗುಮ್ಮಟಗಳಲ್ಲಿ, ಅಂದರೆ ಕಂಪಿಸಿ ದನಿ ಹೊಮ್ಮಿಸುವ ಉಬ್ಬು ತಗಡುಗಳಲ್ಲಿ. ಮಧ್ಯದ ಸ್ವರಗಳಿಗೆ 8.8 ಸೆಂಟಿಮೀಟರಿನದು, ಮೇಲಿನದಕ್ಕೆ 3 ಸೆಂಟಿಮೀಟರಿನದು. ಲೋಹ ಹಗುರ, ಗಡಸು. ಹಾಡುವವರ ಉಸಿರು ಕೂಡ ಬಿಡಿಯಾಗಿ ಕೇಳಿಸುತ್ತದೆ. ಆದರೆ ಗುಮ್ಮಟ ಒಡೆದರೆ ಬೆಸೆಯಲಾಗದು, ಅದರ ಪುಡಿ ಶ್ವಾಸಕೋಶಕ್ಕೆ ವಿಷ, ಕಂಪನಿ ಆ ಭಾಗ ತಯಾರಿಸುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿದೆ. ಇನ್ನೊಂದು ಹಳೆಯ ಜೋಡಿಯಿಂದ ಕಿತ್ತು ತರಬೇಕು. ಒಂದೊಂದು ಪೆಟ್ಟಿಗೆಯೂ 30 ಕಿಲೋ ದಾಟುತ್ತದೆ, ಹಾಗಾಗಿ ಕೊರಿಯರ್‌ನಲ್ಲಿ ತರಿಸುವ ಆಸೆಯನ್ನೂ ಬಿಡಿ.

ಇದಕ್ಕೆ ಹೋಲಿಸಿದರೆ ತಗ್ಗಿನ ಸ್ವರ ನುಡಿಸುವ ವೂಫರಿನ ಅಂಚಿನ ಫೋಮ್ ಕೊಳೆತ ಸ್ಪೀಕರ್ ನೋಡಿದರೆ ನನಗೆ ಖುಷಿಯೇ. ಮುಟ್ಟಿದರೆ ಬೆರಳಿಗೆ ಕಪ್ಪಗೆ ಅಂಟುವ ಪುಡಿ, ಆಲಿಕೆಯಾಕಾರದ ಕೋನಿನ ಸುತ್ತ ಹರಿದ ಜೂಲು. ನೋಡಿದವರು ಹೆದರಿ ಓಡುತ್ತಾರೆ, ಬೆಲೆ ಇಳಿಯುತ್ತದೆ. ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೆ ತಾನಾಗಿಯೇ ಕರಗುವ ವಸ್ತು. ಮಂಗಳೂರಿನ ಕಡೆಯ ಮನೆಗಳಲ್ಲಿ ಇನ್ನೂ ಬೇಗ. ಹಾಡಿಸದೆ ಮುಚ್ಚಿಟ್ಟಿದ್ದರೂ ಉಳಿಯದು. ಹಳೆಯ ಅಂಟನ್ನು ಕೆರೆದು ತೆಗೆದು, ಅದೇ ಅಳತೆಯ ಹೊಸ ಉಂಗುರ ಕೂರಿಸಿ, ಒಳಗಿನ ತಂತಿಸುರುಳಿ ನಡುವಿಗೇ ನಿಲ್ಲುವಂತೆ ಮಾಡಿ ಒಣಗಲು ಬಿಟ್ಟರಾಯಿತು. ಕೂದಲೆಳೆಯಷ್ಟು ಸರಿದರೂ ಕರಕರ ಎನ್ನುತ್ತದೆ, ಹಾಗಾಗಿ ಕೈ ಪಳಗಿದವರಿಗೇ ಕೊಡಿ. ತಗ್ಗು, ಮಧ್ಯ, ಮೇಲಿನ ಸ್ವರಗಳನ್ನು ಬೇರ್ಪಡಿಸಿ ಹಂಚುವ ಕ್ರಾಸ್‌ಓವರ್ ಸರ್ಕ್ಯೂಟಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುವುದೂ ದೊಡ್ಡ ರೋಗವಲ್ಲ. ಅವನ್ನು ಬದಲಿಸಲು ಬೆಸುಗೆ ಬಲ್ಲವರು ಸಾಕು.

ನೋಡಲು ಹೋದಾಗ ಮುಂದಿನ ಬಟ್ಟೆ ತೆಗೆಸಿ. ವೂಫರಿನ ಕೋನನ್ನು ಎರಡೂ ಕಡೆ ಸಮನಾಗಿ ಬೆರಳಿಟ್ಟು ಮೆಲ್ಲಗೆ ಒತ್ತಿ. ಉಜ್ಜುವ ಸದ್ದು ಬಂದರೆ ಸುರುಳಿ ಸುಟ್ಟಿರಬಹುದು ಅಥವಾ ಓರೆಯಾಗಿರಬಹುದು. ಬೆರಿಲಿಯಂ ಗುಮ್ಮಟಕ್ಕೆ ಮಾತ್ರ ಬೆರಳು ತಾಗಿಸಬೇಡಿ. ಸಣ್ಣ ದನಿಯಲ್ಲಿ ಹಾಡು ಹಾಕಿಸಿ ಪ್ರತಿಯೊಂದು ಗುಮ್ಮಟದ, ಕೋನಿನ ಹತ್ತಿರ ಕಿವಿಯಿಟ್ಟು ಕೇಳಿ. ಎಡ, ಬಲ ಎರಡರಲ್ಲೂ ಒಂದೇ ಹಾಡು, ಒಂದೇ ಹದ. ಎರಡರ ನಾದ ಬೇರೆಯಾದರೆ ಕಾರಣ ತಿಳಿಯುವವರೆಗೆ ಹಣ ಬಿಚ್ಚಬೇಡಿ.

ಬಿಬಿಸಿಯ ಎಲ್‌ಎಸ್3/5ಎ ಸ್ಪೀಕರ್ ಬಗ್ಗೆಯೂ ಅದೇ ಗೆಳೆಯರು ಕೇಳಿದ್ದರು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳಲೆಂದು ರೂಪಿಸಿದ ಪುಟ್ಟ ಪೆಟ್ಟಿಗೆ. ಅಪಾರ್ಟ್‌ಮೆಂಟಿನ ಚಿಕ್ಕ ಕೋಣೆಯಲ್ಲಿ ಬಾಲಮುರಳಿ ಕೇಳಲು ಚಂದ, ತವಿಲಿನ ಗುದ್ದು ಬೇಕೆನ್ನುವವರಿಗೆ ನಿರಾಸೆ. ಈಗ ಅದಕ್ಕೆ ಕೇಳುವ ಬೆಲೆಯಲ್ಲಿ ಅರ್ಧ ಸಂಗ್ರಹಕಾರರ ಹುಚ್ಚಿನ ಪಾಲು.

ಯಮಾಹಾ ವಿಷಯಕ್ಕೆ ನನ್ನ ಉತ್ತರ: ನಾಲ್ಕೂ ಗುಮ್ಮಟಗಳು ನೆಟ್ಟಗಿದ್ದರೆ, ಕೋಣೆ ದೊಡ್ಡದಿದ್ದರೆ, ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದಿದ್ದರೆ ಕೊಳ್ಳಿ. ಆ ಗೆಳೆಯರಿಗೆ ಮೂರು ವರ್ಷದ ಮೊಮ್ಮಗನಿದ್ದಾನೆ. ಬೇಡ ಎಂದಿದ್ದೇನೆ. ಅವರಿನ್ನೂ ಒಪ್ಪಿಲ್ಲ.