ನಮ್ಮನೆ ಫ್ರಿಜ್ 16.3 ಹ್ಯಾಂಡ್

ಊಟದ ಮಧ್ಯೆ ಪ್ರಶ್ನೆ ಕೇಳುವವರಿಗೆ ಏನು ಶಿಕ್ಷೆ ಅಂತ ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿದ್ದರೆ ನಮ್ಮ ಭಾವ ಇಷ್ಟು ಹೊತ್ತಿಗೆ ಒಳಗಿರುತ್ತಿದ್ದರು.

ಇದಕ್ಕೆಲ್ಲ ಕಾರಣ ಕುದುರೆ. ಅಕ್ಕನ ಮಗಳು ಪುಟ್ಟಿಯನ್ನು ಯಲಹಂಕದ ಆಚೆ ಎಲ್ಲೋ ಕುದುರೆ ಸವಾರಿ ಕ್ಲಾಸಿಗೆ ಸೇರಿಸಿದ್ದಾರೆ. ಸವಾರಿ ಕಲಿಯುತ್ತಿರುವುದು ಪುಟ್ಟಿ. ಜ್ಞಾನ ನೆತ್ತಿಗೇರಿದ್ದು ಭಾವನಿಗೆ. ಕುದುರೆ ಹತ್ತಿರಕ್ಕೆ ಅವರು ಇವತ್ತಿಗೂ ಹೋಗಿಲ್ಲ. ಬೇಲಿಯ ಈಚೆ, ಕಾರಿನ ಬಾಗಿಲು ಅರ್ಧ ತೆಗೆದಿಟ್ಟುಕೊಂಡು ನಿಂತಿರುತ್ತಾರೆ. ಅಲ್ಲೇ ನಿಂತು ಫೋನಿನಲ್ಲಿ ಕುದುರೆ ಬಗ್ಗೆ ಓದುತ್ತಾರೆ. ಓದಿದ್ದನ್ನೆಲ್ಲ ಪ್ರಶ್ನೆ ಮಾಡಿ, ಪ್ರಿಂಟ್ ತೆಗೆದು, ಭಾನುವಾರ ಊಟಕ್ಕೆ ಬರುವಾಗ ನಮ್ಮನೆಗೆ ತರುತ್ತಾರೆ. ಮೊದಲೆಲ್ಲ ಬಾಳೆಹಣ್ಣು ತರುತ್ತಿದ್ದರು.

ಪ್ರಶ್ನೆ ಕೇಳುವುದಕ್ಕೂ ಒಂದು ಮುಹೂರ್ತ ಇದೆ. ನನ್ನ ಬಾಯಲ್ಲಿ ತುತ್ತು ಇರಬೇಕು. ಖಾಲಿ ಬಾಯಿಗೆ ಅವರು ಪ್ರಶ್ನೆ ಹಾಕುವುದಿಲ್ಲ. ನಾನು ಅಗಿದು ನುಂಗಿ ಉತ್ತರ ಹೇಳಿದರೆ, ಹುಬ್ಬು ಏರಿಸಿ, "ಪಕ್ಕಾನಾ? ಲಾಕ್ ಮಾಡ್ಲಾ?" ಅಂತಾರೆ. ಸರಿ ಉತ್ತರಕ್ಕೂ ಅದೇ ಹುಬ್ಬು, ತಪ್ಪು ಉತ್ತರಕ್ಕೂ ಅದೇ ಹುಬ್ಬು. "ಗೊತ್ತಿಲ್ಲ ಭಾವ" ಅಂದರೆ ಅದನ್ನು ಉತ್ತರ ಅಂತಲೇ ಒಪ್ಪುವುದಿಲ್ಲ. "ಗೆಸ್ ಮಾಡು, ಸುಮ್ನೆ ಒಂದು ಗೆಸ್ ಮಾಡು" ಅಂತ ಅನ್ನ ಆರುವವರೆಗೂ ಕಾಯುತ್ತಾರೆ.

ಮೊನ್ನೆ ಭಾನುವಾರ ಬಿಸಿಬೇಳೆಬಾತ್. ಮೊದಲನೇ ತುತ್ತಿಗೆ ಮೊದಲನೇ ಪ್ರಶ್ನೆ: "ಕುದುರೆ ವಾಂತಿ ಮಾಡುತ್ತಾ, ಇಲ್ವಾ?"

ನಾನು ಚಮಚ ಕೆಳಗಿಟ್ಟೆ. ಮಾಡುವುದಿಲ್ಲವಂತೆ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಸ್ನಾಯು ಇದೆ, ಅದು ಎಷ್ಟು ಬಿಗಿ ಅಂದರೆ ಒಳಗೆ ಹೋದದ್ದು ಹಿಂದಕ್ಕೆ ಬರುವುದೇ ಇಲ್ಲ. ಅದಕ್ಕೇ ಕುದುರೆಗೆ ಹೊಟ್ಟೆನೋವು ಬಂದರೆ ಪ್ರಾಣಕ್ಕೇ ಅಪಾಯ ಆಗಬಹುದು. ಇಷ್ಟನ್ನೂ ಭಾವ ತಟ್ಟೆಯ ಮೇಲೆ ಬೆರಳಾಡಿಸಿ, ತುಪ್ಪದ ಗುಂಡಿಯನ್ನೇ ಹೊಟ್ಟೆ ಮಾಡಿಕೊಂಡು, ಚಿತ್ರ ಸಮೇತ ವಿವರಿಸಿದರು. ಅಮ್ಮ "ಪಾಪ" ಅಂತ ಕುದುರೆಗೆ ಅಂದರೋ ನನಗೆ ಅಂದರೋ ಗೊತ್ತಾಗಲಿಲ್ಲ.

ಎರಡನೇ ಪ್ರಶ್ನೆ ಸುಲಭದ್ದು, ಖುಷಿಯಾಯಿತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ ಅನ್ನುವ ಕುದುರೆ ಸ್ಪರ್ಧೆಯಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದ ಭಾರತೀಯ ಯಾರು? ಫವಾದ್ ಮಿರ್ಜಾ, ನಮ್ಮ ಬೆಂಗಳೂರಿನವರೇ. ಟೋಕಿಯೊ ಒಲಿಂಪಿಕ್ಸ್‌ಗೂ ಹೋಗಿ 23ನೇ ಸ್ಥಾನ ಪಡೆದರು. ಕೇಳದಿದ್ದರೂ ಅದನ್ನೂ ಸೇರಿಸಿ ಹೇಳಿದೆ.

"ಅರ್ಧ ಮಾರ್ಕು" ಅಂದರು ಭಾವ.

"ಯಾಕೆ?"

"ಕುದುರೆ ಹೆಸರು ಯಾರು ಹೇಳ್ತಾರೆ? ದಿಮ್ಮಿ ಹಾರಿದ್ದು ಯಾರು, ಅವರಾ ಕುದುರೆನಾ?"

ಕುದುರೆ ಹೆಸರು ಸೆನ್ಯೋರ್ ಮೆಡಿಕಾಟ್. ಅಮ್ಮ ಒಗ್ಗರಣೆ ಮೆಣಸಿನಕಾಯಿ ತಟ್ಟೆಗೆ ಹಾಕುತ್ತಾ, "ನಮ್ಮ ಬೀದಿ ಕೊನೇಲಿರೋ ಔಷಧಿ ಅಂಗಡಿ ಅಲ್ವಾ ಅದು?" ಅಂದರು. ಭಾವ ಅಮ್ಮನಿಗೆ ಸೊನ್ನೆ ಕೊಟ್ಟರು. ಅಮ್ಮ ಆಟಕ್ಕೆ ಸೇರಿರಲೇ ಇಲ್ಲ.

ಮುಂದಿನದು, 1956ರ ಒಲಿಂಪಿಕ್ಸ್ ಎಲ್ಲಿ ನಡೆಯಿತು? ನಾನು ಮೆಲ್ಬರ್ನ್ ಅಂದೆ. ಹುಬ್ಬು ಏರಿತು. ಲಾಕ್ ಮಾಡಿಸಿಕೊಂಡರು. ತಪ್ಪಂತೆ, ಸ್ಟಾಕ್‌ಹೋಮ್ ಅಂತೆ! ಆಸ್ಟ್ರೇಲಿಯಾದಲ್ಲಿ ಹೊರಗಿನ ಪ್ರಾಣಿಗಳಿಗೆ ಕ್ವಾರಂಟೈನ್ ಕಾನೂನು ಬಲು ಬಿಗಿ ಇತ್ತು, ಹಾಗಾಗಿ ಕುದುರೆ ಸ್ಪರ್ಧೆಗಳನ್ನು ಮಾತ್ರ ಆ ಜೂನ್‌ನಲ್ಲಿ ಸ್ವೀಡನ್ನಿನಲ್ಲಿ ಮುಗಿಸಿದರು. ಮಿಕ್ಕ ಆಟಗಳೆಲ್ಲ ನವೆಂಬರ್-ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲೇ ನಡೆದವು. ಹಾಗಾದರೆ ನಾನು ಹೇಳಿದ್ದು ತಪ್ಪು ಹೇಗಾಗುತ್ತೆ? "ಇದು ಕುದುರೆ ಕ್ವಿಜ್" ಅಂದರು. ಪ್ರಶ್ನೆಯಲ್ಲಿ ಕುದುರೆ ಅಂತ ಇರಲಿಲ್ಲ. "ಪ್ರತಿ ಪ್ರಶ್ನೇಲೂ ಹೇಳ್ಬೇಕಾ?" ಅಂದರು. ಈ ಅನ್ಯಾಯ ನನಗಿನ್ನೂ ಹೊಟ್ಟೆ ಉರಿಸುತ್ತಿದೆ. ಓದುವವರು ನೀವೇ ಹೇಳಿ.

ಇಷ್ಟಾದರೂ ಪುಟ್ಟಿ ಬಾಯಿ ಬಿಡಲಿಲ್ಲ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಕುದುರೆ ಕಾಲು ಎತ್ತಿ ಹಿಡಿದು ಗೊರಸಿನ ಒಳಗಿನ ಮಣ್ಣು ಕೆರೆದು ತೆಗೆಯುವುದು ಗೊತ್ತು. ಕ್ಯಾರೆಟ್ ಕೊಡುವಾಗ ಅಂಗೈ ಚಪ್ಪಟೆ ಹಿಡಿಯಬೇಕು, ಬೆರಳು ಮಡಿಸಿದರೆ ಅದನ್ನೂ ಕ್ಯಾರೆಟ್ ಅಂದುಕೊಳ್ಳುತ್ತೆ ಅಂತ ಗೊತ್ತು. ಕ್ಲಾಸಿನಿಂದ ಬರುವಾಗ ಅವಳ ಬಟ್ಟೆಯೆಲ್ಲ ಹುಲ್ಲು, ಬೆವರು, ಲದ್ದಿ ವಾಸನೆ. ಅದಕ್ಕೆ ಭಾವನ ಪೇಪರಿನಲ್ಲಿ ಮಾರ್ಕಿಲ್ಲ.

ಆ ವಾಸನೆ ನನಗೆ ಮೈಸೂರು ರೈಲ್ವೆ ಸ್ಟೇಷನ್ ನೆನಪು ತರಿಸುತ್ತೆ. ಅಜ್ಜಿ ಮನೆಗೆ ಜಟಕಾ ಗಾಡಿಯಲ್ಲೇ ಹೋಗುತ್ತಿದ್ದೆವು. ಕೂರುವ ಜಾಗದ ಕೆಳಗೆ ಹಸಿ ಹುಲ್ಲು. ಗಾಡಿ ಹೊರಟ ಮೇಲೆ ಅದನ್ನು ಹೊಡೆಯುವ ಸಾಹೇಬರು ತಿರುಗಿ, "ಹಿಂದೆ ಭಾರ ಆಯ್ತು, ಅಮ್ಮೋರು ಸ್ವಲ್ಪ ಮುಂದಕ್ಕೆ ಬನ್ನಿ" ಅನ್ನುತ್ತಿದ್ದರು. ನಾವೆಲ್ಲ ಸರಿಯುತ್ತಿದ್ದೆವು. ದಿಬ್ಬ ಬಂದರೆ ಇನ್ನೊಂದು ಸಲ. ಕುದುರೆಗೆ ಎಷ್ಟು ಬಗೆಯ ನಡಿಗೆ, ವಾಕ್, ಟ್ರಾಟ್, ಕ್ಯಾಂಟರ್, ಗ್ಯಾಲಪ್‌ನಲ್ಲಿ ಯಾವುದಕ್ಕೆ ಎಷ್ಟು ತಾಳ ಅಂತ ಯಾರೂ ಕೇಳುತ್ತಿರಲಿಲ್ಲ. ಟಕ್ ಟಕ್ ಅಂತ ಒಂದೇ ಓಟ, ಮನೆ ಬಾಗಿಲವರೆಗೂ. ಈಗ ಅರಮನೆ ಸುತ್ತಮುತ್ತ ಟೂರಿಸ್ಟ್‌ಗಳಿಗೆ ಅಂತ ಟಾಂಗಾಗಳು ಸಿಗುತ್ತವೆ. ಊರಿನವರು ಆಟೋ ಕರೆಯುತ್ತಾರೆ.

ಇರಲಿ, ಹ್ಯಾಂಡ್ ವಿಷಯಕ್ಕೆ ಬರೋಣ. ಕುದುರೆಯ ಎತ್ತರವನ್ನು ಅಡಿಯಲ್ಲಿ ಹೇಳುವುದಿಲ್ಲ, ಹ್ಯಾಂಡ್‌ನಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು. ಅಳೆಯುವುದು ತಲೆಯವರೆಗಲ್ಲ, ಕತ್ತು ಬೆನ್ನಿಗೆ ಸೇರುವ ಕಡೆ ಒಂದು ಉಬ್ಬು ಇರುತ್ತದಲ್ಲ, ಅಲ್ಲಿಯವರೆಗೆ. 14.2 ಅಂದರೆ 14 ಹ್ಯಾಂಡ್ ಮೇಲೆ 2 ಇಂಚು. 14.3 ಆದ ಮೇಲೆ 14.4 ಬರುವುದಿಲ್ಲ, 15 ಬರುತ್ತದೆ. ಕ್ರಿಕೆಟ್ ಓವರಿನ ಲೆಕ್ಕದ ಹಾಗೆ. ಇದು ಗೊತ್ತಾದ ದಿನದಿಂದ ಭಾವ ಇಂಚು, ಅಡಿ, ಮೀಟರ್ ಎಲ್ಲ ಬಿಟ್ಟಿದ್ದಾರೆ.

ಮೊನ್ನೆ ಊಟದ ಮಧ್ಯೆ ಎದ್ದು, ಎಡಗೈಯಲ್ಲಿ ಟೇಪ್ ಹಿಡಿದು, ನಮ್ಮ ಫ್ರಿಜ್ ಅಳೆದರು. "16.3! ರೇಸ್ ಕುದುರೆ ಸೈಜು!" ಊಟದ ಟೇಬಲ್ 7.2. ವಾಷಿಂಗ್ ಮಷಿನ್ 8.2. ಎಲ್ಲವನ್ನೂ ಅಕ್ಕನ ಕೈಲಿ ಪೇಪರಿನ ಹಿಂದೆ ಬರೆಸಿದರು. ಆಮೇಲೆ ಅಡುಗೆಮನೆ ಬಾಗಿಲಿಗೆ ಹೋದರು. ಅದರ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿವೆ. ಪುಟ್ಟಿ ಬೆಳೆದ ಗೆರೆಗಳು. ಅವುಗಳ ಮೇಲೆ ಇನ್ನೊಂದು ಗೆರೆ. ಭಾವ ಟೇಪ್ ಇಟ್ಟು, ಕನ್ನಡಕ ಸರಿ ಮಾಡಿಕೊಂಡು, ಬಾಗಿ ನೋಡಿ ಘೋಷಿಸಿದರು: "58 ಇಂಚು. 14.2! ಸರಿಯಾಗಿ ಗೆರೆ ಮೇಲೆ ಕೂತಿದೆ. ಇಲ್ಲೀವರೆಗೂ ಪೋನಿ, ಇದಕ್ಕಿಂತ ಎತ್ತರ ಆದ್ರೆ ಕುದುರೆ. ಯಾರದು ಇದು, ಪೋನಿ?"

ಅಕ್ಕ ಮೆಲ್ಲಗೆ ಅಂದಳು, "ರೀ, ಅದು ಅಮ್ಮಂದು."

ಹೋದ ಸಂಕ್ರಾಂತಿಗೆ ಪುಟ್ಟಿ ಹಟ ಮಾಡಿ ಅಜ್ಜಿಯನ್ನು ನಿಲ್ಲಿಸಿ ಹಾಕಿದ ಗೆರೆ ಅದು. ಅಮ್ಮ ಒಲೆ ಮುಂದೆ ನಿಂತಿದ್ದರು. ತಿರುಗಲಿಲ್ಲ. ಶಾವಿಗೆ ಪಾಯಸವನ್ನು ಕೈಯಾಡಿಸುತ್ತಲೇ ಇದ್ದರು. ಸೌಟು ಪಾತ್ರೆಗೆ ತಾಗುವ ಸದ್ದು ಸ್ವಲ್ಪ ಜಾಸ್ತಿಯಾಯಿತು. ಭಾವ ಟೇಪನ್ನು ಪಟ್ ಅಂತ ಒಳಕ್ಕೆ ಬಿಟ್ಟು ಬಂದು ಕೂತರು.

ವಿಷಯ ಬದಲಾಯಿಸಲು ವಿಜಯನಗರಕ್ಕೆ ಹಾರಿದರು. ಇದು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನಿಗೆ ಕುದುರೆ ಬೇಕೇ ಬೇಕಿತ್ತು. ಬದುಕಿದ್ದಕ್ಕೂ ದುಡ್ಡು ಕೊಡುತ್ತಿದ್ದ, ಸತ್ತದ್ದಕ್ಕೂ ಕೊಡುತ್ತಿದ್ದ. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕಿತ್ತು. ನನ್ನ ಆಫೀಸಿನಲ್ಲಿ ಟೋಲ್ ಚೀಟಿ ಕೊಟ್ಟರೆ ಸಾಲದು, ಅದರ ಮೇಲೆ ಮ್ಯಾನೇಜರ್ ಸಹಿಯೂ ಬೇಕು.

"ಬಾಲದ ಮಾತು ಬಂತಲ್ಲ" ಅಂತ ಅಮ್ಮ ಪಾಯಸದ ಪಾತ್ರೆ ಹಿಡಿದು ಬಂದರು. "ಅಳಿಯಂದ್ರು ಒಂದಕ್ಕೆ ಉತ್ತರ ಹೇಳ್ಲಿ. ಸಮುದ್ರ ಮಥನದಲ್ಲಿ ಬಂತಲ್ಲ ಕುದುರೆ, ಉಚ್ಚೈಃಶ್ರವಸ್ಸು. ಅದರ ಬಾಲ ಯಾವ ಬಣ್ಣ?"

"ಬಿಳಿ" ಅಂದರು ಭಾವ. "ಪೂರ್ತಿ ಬಿಳಿ ಕುದುರೆ ಅತ್ತೆ."

"ಪಕ್ಕಾನಾ? ಲಾಕ್ ಮಾಡ್ಲಾ?"

ಭಾವನ ಹುಬ್ಬು ಏರಲಿಲ್ಲ. ಅಕ್ಕನ ಮುಖ ನೋಡಿದರು. ಪುಟ್ಟಿ ಮುಖ ನೋಡಿದರು. ಕೊನೆಗೆ ಸಣ್ಣ ದನಿಯಲ್ಲಿ "ಲಾಕ್" ಅಂದರು.

"ತಪ್ಪು. ಕಪ್ಪು."

"ಅತ್ತೆ, ಅದು ಕದ್ರು ಮೋಸ ಮಾಡಿದ್ದು! ಹಾವುಗಳನ್ನು ಬಾಲಕ್ಕೆ ಸುತ್ತಿಕೊಳ್ಳೋಕೆ ಹೇಳಿದ್ಲು. ನಿಜವಾದ ಬಣ್ಣ ಬಿಳೀನೇ."

"ವಿನತೇನೂ ಬಿಳಿ ಅಂತಾನೇ ಅಂದಿದ್ಲು. ಸೋತು ದಾಸಿ ಆದ್ಲು." ಅಮ್ಮ ಎಲ್ಲರಿಗೂ ಪಾಯಸ ಬಡಿಸಿ, ಖಾಲಿ ಪಾತ್ರೆಯನ್ನು ಸಿಂಕಿನಲ್ಲಿಟ್ಟರು. "ಇವತ್ತು ಪಾತ್ರೆ ಯಾರು ತೊಳೀತೀರೋ ನೀವೇ ತೀರ್ಮಾನ ಮಾಡ್ಕೊಳ್ಳಿ. 14.2 ಪೋನಿ ಅಂತೂ ತೊಳೆಯಲ್ಲ."

ಭಾವ ಪಾಪ ಎದ್ದು ಶರ್ಟಿನ ತೋಳು ಮಡಚಿದರು. ಮಡಚಿದ್ದಷ್ಟೇ. ಎಷ್ಟಾದರೂ ಮನೆ ಅಳಿಯ ಅಲ್ವಾ, ಅಮ್ಮನೇ ಬಿಡಲಿಲ್ಲ. "ನೀವು ಕೂತ್ಕೊಳ್ಳಿ, ಇನ್ನೊಂಚೂರು ಪಾಯಸ ಹಾಕ್ತೀನಿ" ಅಂದರು. ಪಾತ್ರೆ ತೊಳೆದದ್ದು ನಾನು. ಬಿಸಿಬೇಳೆಬಾತ್ ತಳ ಹಿಡಿದ ಕುಕ್ಕರ್ ಉಜ್ಜುತ್ತಾ ನಿಂತವನ ಬೆನ್ನ ಹಿಂದೆ ಭಾವ ಬಂದು, "ಗಂಡು ಕುದುರೆಗೆ ಹಲ್ಲು ಎಷ್ಟು, ಹೆಣ್ಣಿಗೆ ಎಷ್ಟು?" ಅಂದರು. ಸಾಮಾನ್ಯವಾಗಿ ಗಂಡಿಗೆ 40, ಹೆಣ್ಣಿಗೆ 36. ಗೊತ್ತಿತ್ತು. ಹೇಳಲಿಲ್ಲ.

ರಾತ್ರಿ ಮನೆಯವರ ಗ್ರೂಪಿನಲ್ಲಿ ಮೆಸೇಜ್ ಬಂತು. "ಅತ್ತೆಯವರ ಪ್ರಶ್ನೆ ಸಿಲಬಸ್ ಹೊರಗಿನದು, ರದ್ದು ಮಾಡಲಾಗಿದೆ." ಅಮ್ಮ ಅದಕ್ಕೆ ಹೆಬ್ಬೆರಳು ಹಾಕಿದರು. ಎಲ್ಲದಕ್ಕೂ ಅವರು ಹಾಕುವುದು ಅದನ್ನೇ. ಕೆಳಗೆ ಇನ್ನೊಂದು ಸೂಚನೆ: ಮುಂದಿನ ಭಾನುವಾರ ಪೋಲೊ, ಅದರ ಮೂಲವಾದ ಮಣಿಪುರದ ಸಗೋಲ್ ಕಾಂಗ್ಜೈ ಆಟದಿಂದ ಶುರು, ಎಲ್ಲರೂ ಓದಿಕೊಂಡು ಬರುವುದು. ಆವತ್ತು ನನಗೆ ಹೊರಗಡೆ ಊಟ. ಯಾವ ಹೋಟೆಲ್ ಅಂತ ಗ್ರೂಪಿನಲ್ಲಿ ಹಾಕಿಲ್ಲ.