ಒಂದೇ ಉಸಿರಿಗೆ ಬರೆದ ಕಾದಂಬರಿ?

ನಿಜವಾದ ಕಾದಂಬರಿಕಾರರು ಸ್ಫೂರ್ತಿ ಬಂದಾಗ ಒಂದೇ ಉಸಿರಿಗೆ ಬರೆದು ಮುಗಿಸುತ್ತಾರೆ, ತಿದ್ದುವ ಗೊಡವೆಗೇ ಹೋಗುವುದಿಲ್ಲ ಎಂಬ ಸಂದೇಶ ಮತ್ತೆ ಮತ್ತೆ ಮೊಬೈಲಿಗೆ ಬರುತ್ತದೆ. ಹಂಚುವವರ ಉದ್ದೇಶ ಹುರಿದುಂಬಿಸುವುದೇ ಇರಬಹುದು. ಆದರೆ ಮಾತು ಸರಿಯಲ್ಲ.

ಇದಕ್ಕೆ ಪುರಾವೆಯಾಗಿ ಹೆಚ್ಚಾಗಿ ಬರುವುದು ಅಮೆರಿಕದ ಲೇಖಕ ಜ್ಯಾಕ್ ಕೆರೊವಾಕ್ ಅವರ ‘ಆನ್ ದ ರೋಡ್’ ಕಾದಂಬರಿ. 1951ರಲ್ಲಿ ಉದ್ದನೆಯ ಕಾಗದದ ಸುರುಳಿಯ ಮೇಲೆ ಅದನ್ನು ಮೂರೇ ವಾರಗಳಲ್ಲಿ ಟೈಪ್ ಮಾಡಿದ್ದು ನಿಜ. ಸಂದೇಶ ನುಂಗಿಹಾಕುವ ಭಾಗ ಬೇರೆ: ಅದಕ್ಕೂ ಮೊದಲೇ ಲೇಖಕರು ವರ್ಷಗಟ್ಟಲೆ ಟಿಪ್ಪಣಿ ಪುಸ್ತಕಗಳನ್ನು ತುಂಬಿಸಿದ್ದರು, ಹಲವು ಕರಡುಗಳನ್ನು ಕೈಬಿಟ್ಟಿದ್ದರು. ಪುಸ್ತಕ ಹೊರಬಂದದ್ದು 1957ರಲ್ಲಿ, ಅದೂ ಸಾಕಷ್ಟು ತಿದ್ದುಪಡಿಯ ನಂತರ.

ಪರೀಕ್ಷಿಸುವುದು ಕಷ್ಟವೇನಲ್ಲ. ಹೇಳಿಕೆ ಯಾವ ಪುಸ್ತಕದ್ದು, ಯಾವ ವರ್ಷದ ಸಂದರ್ಶನದ್ದು ಎಂದು ಕೇಳಿ. ಉತ್ತರವಿಲ್ಲದಿದ್ದರೆ ಅಲ್ಲಿಗೇ ಅನುಮಾನಿಸಿ. ಬರೆದ ವರ್ಷವನ್ನೂ ಪ್ರಕಟವಾದ ವರ್ಷವನ್ನೂ ಹೋಲಿಸಿ. ಧಾರಾವಾಹಿಯಾಗಿ ಬಂದ ಕಾದಂಬರಿಯಾದರೆ ಪತ್ರಿಕೆಯ ಕಂತನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಓದಿ. ಎಲ್ಲಕ್ಕಿಂತ ಒಳ್ಳೆಯದು ಹಸ್ತಪ್ರತಿ. ದೊಡ್ಡ ಗ್ರಂಥಾಲಯಗಳು ಹಲವನ್ನು ಅಂತರ್ಜಾಲದಲ್ಲಿ ಇಟ್ಟಿವೆ. ಒಂದು ಪುಟ ತೆರೆದರೆ ಸಾಕು: ಅಡ್ಡಗೀಟು ಬಿದ್ದ ಸಾಲು, ಅಂಚಿನಲ್ಲಿ ತುರುಕಿದ ವಾಕ್ಯ, ನಡುವೆಯೇ ಹೆಸರು ಬದಲಾದ ಪಾತ್ರ. (ನನಗಂತೂ ಮುದ್ರಿತ ಪುಟಕ್ಕಿಂತ ಇದೇ ಹೆಚ್ಚು ರುಚಿಸುತ್ತದೆ.)

ಮೊದಲ ಕರಡು ವೇಗವಾಗಿ ಬರುವುದು ಉಂಟು. ಹೊಸಬರು ಹಾಗೆ ಬರೆಯಲಿ, ನಾಲ್ಕು ದಿನ ಪಕ್ಕಕ್ಕಿಟ್ಟು, ಆಮೇಲೆ ಗಟ್ಟಿಯಾಗಿ ಓದಿಕೊಳ್ಳಲಿ. ನಾಲಿಗೆ ತೊಡರಿದಲ್ಲಿ ಪೆನ್ಸಿಲ್ ಗುರುತು ಹಾಕಲಿ.